ಹತ್ತಿಕಟ್ಟಿಗೆಯ ಲಿಗ್ನಿನ್‌ನಿಂದ ಕಾರ್ಬನ್ ಎಳೆ: ಆಲ್ಕೋಹಾಲ್ ಪರಿವರ್ತನೆಗೆ ವೇಗವರ್ಧಕವಾಗಬಲ್ಲದೇ?

ಪ್ರಶ್ನೆ: ಎಡೆದೊರೆ, ರಾಯಚೂರು

ಮಾನ್ಯರೇ,

ರಾಯಚೂರಿನ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಎಂ.ಎಸ್ಸಿ. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿನಿಯರು ತಮ್ಮ ಯೋಜನಾಕಾರ್ಯಕ್ಕೆ ಹೊಲದ ಕಸದಿಂದ ವೇಗವರ್ಧಕ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ತಯಾರಿಸುವ ವಿಷಯವನ್ನು ಆರಿಸಿಕೊಂಡಿದ್ದಾರೆ. ಇಬ್ಬರೂ ಒಕ್ಕಲುತನದ ಮನೆಯವರು. ಒಬ್ಬರ ಮನೆಯಲ್ಲಿ ಹತ್ತಿ ಮತ್ತು ತೊಗರಿ ಬೆಳೆಯುತ್ತಾರೆ, ಇನ್ನೊಬ್ಬರದು ತುಂಗಭದ್ರಾ ಎಡದಂಡೆ ನಾಲೆಯ ಕೆಳಗಿನ ನೆಲ್ಲಿನ ಗದ್ದೆ. ಹತ್ತಿ ಬಿಡಿಸುವುದು ಮುಗಿದ ಮೇಲೆ ಕಟ್ಟಿಗೆಯನ್ನು ಹೊಲದ ಬದುವಿನಲ್ಲೇ ಸುಡುವುದನ್ನೂ, ಯಂತ್ರದಿಂದ ಕೊಯ್ದ ಗದ್ದೆಯ ಹುಲ್ಲಿಗೆ ಬೆಂಕಿ ಇಡುವುದನ್ನೂ ನೋಡುತ್ತಲೇ ಬೆಳೆದಿರುವುದರಿಂದ ಈ ಕೆಲಸ ಅವರಿಗೆ ಅಂಕಪಟ್ಟಿಗಿಂತ ಮಿಗಿಲಾದದ್ದಾಗಿದೆ.

ನಾವು ಓದಿ ತಿಳಿದಿರುವುದು ಇಷ್ಟು. ಸಸ್ಯಗಳ ಕಟ್ಟಿಗೆ ಭಾಗಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಬೇರ್ಪಡಿಸಿ, ಎಥನಾಲ್‌ನಲ್ಲಿ ಕರಗಿಸಿ, ಫಾಸ್ಫಾರಿಕ್ ಆಮ್ಲ ಬೆರೆಸಿ, ಹೆಚ್ಚಿನ ವೋಲ್ಟೇಜಿನಡಿ ಸೂಜಿಯ ತುದಿಯಿಂದ ಸೆಳೆದರೆ ಮೈಕ್ರಾನ್ ಗಾತ್ರದ ಎಳೆಗಳು ಸಿಗುತ್ತವೆ. ಅವನ್ನು ಗಾಳಿಯಲ್ಲಿ ನಿಧಾನವಾಗಿ ಕಾಯಿಸಿ ಸ್ಥಿರಗೊಳಿಸಿ, ಬಳಿಕ ನೈಟ್ರೋಜನ್‌ನಲ್ಲಿ ಕಾರ್ಬನ್ ಆಗಿಸಿದರೆ ಆಮ್ಲೀಯ ಮೇಲ್ಮೈಯುಳ್ಳ ಕಾರ್ಬನ್ ಎಳೆ ದೊರೆಯುತ್ತದೆ. ಸ್ಪೇನಿನ ಮಾಲಗಾ ವಿಶ್ವವಿದ್ಯಾಲಯದವರು ಇಂತಹ ಎಳೆಗಳನ್ನು ಆಲ್ಕೋಹಾಲ್‌ಗಳ ನಿರ್ಜಲೀಕರಣಕ್ಕೆ, ಅಂದರೆ ಅಣುವಿನಿಂದ ನೀರು ಕಳೆಯುವುದಕ್ಕೆ, ಬಳಸಿ ತೋರಿಸಿದ್ದಾರೆ. ಎಥನಾಲ್‌ನಿಂದ ಎಥಿಲೀನ್ ಅಥವಾ ಡೈಎಥಿಲ್ ಈಥರ್, ಮೆಥನಾಲ್‌ನಿಂದ ಡೈಮೀಥೈಲ್ ಈಥರ್ ಪಡೆಯುವುದು ಇದರ ಗುರಿ.

ನಮ್ಮ ಪ್ರಯೋಗಾಲಯದಲ್ಲಿ ಟ್ಯೂಬ್ ಫರ್ನೇಸ್ (ಕೊಳವೆ ಕುಲುಮೆ), ಟೆಫ್ಲಾನ್ ಒಳಪದರದ ಚಿಕ್ಕ ಆಟೋಕ್ಲೇವ್ (ಬಿಗಿಮುಚ್ಚಳದ ಒತ್ತಡ ಪಾತ್ರೆ), ಸಿರಿಂಜ್ ಪಂಪ್ ಮತ್ತು ಅನಿಲ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಒಂದು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇವೆ. ಹೈ ವೋಲ್ಟೇಜ್ ಉಪಕರಣವನ್ನು ಭೌತಶಾಸ್ತ್ರ ವಿಭಾಗದಿಂದ ಕೇಳಿ ಪಡೆಯಬಹುದು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ನೆಲ್ಲಿನ ಹೊಟ್ಟು, ಈ ಮೂರರಲ್ಲಿ ಯಾವುದನ್ನು ಹಿಡಿಯಬೇಕು? ಲಿಗ್ನಿನ್ ಎಷ್ಟು ಶುದ್ಧವಾಗಿರಬೇಕು? ಇಷ್ಟು ಸಲಕರಣೆಯಲ್ಲಿ ಎಳೆಯನ್ನೇ ಮಾಡಲು ಹೊರಡುವುದು ವಿವೇಕವೇ, ಇಲ್ಲವೇ ಬೇರೆ ಕಡೆಯಿಂದ ಆರಂಭಿಸಬೇಕೇ? ಬಲ್ಲವರು ವಿವರವಾಗಿ ತಿಳಿಸಿದರೆ ಮಕ್ಕಳಿಗೆ ದಾರಿಯಾಗುತ್ತದೆ.

ಉತ್ತರ: ನಾಲೆದಂಡೆ, ಸಿಂಧನೂರು ಮೂಲ, ಈಗ ಪುಣೆ

ಮೇಡಂ ಅವರಿಗೆ ನಮಸ್ಕಾರ. ನಾನು ಸರಂಧ್ರ ಕಾರ್ಬನ್‌ಗಳ ಮೇಲೆ ಕೆಲಸ ಮಾಡುವವನು. ನಮ್ಮ ಕಡೆಯ ಕಾಲೇಜಿನಿಂದ ಇಂತಹ ಪ್ರಶ್ನೆ ಬಂದದ್ದು ನೋಡಿ ಬಹಳ ಸಂತೋಷವಾಯಿತು, ಆದ್ದರಿಂದ ತುಸು ದೀರ್ಘವಾಗಿಯೇ ಬರೆಯುತ್ತೇನೆ. ತಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಎಳೆ ತೆಗೆಯುವ ಮುನ್ನ ಎಳೆಯ ಅಗತ್ಯವಿದೆಯೇ ಎಂಬುದನ್ನು ಪ್ರಯೋಗದಿಂದಲೇ ತೀರ್ಮಾನಿಸಿಕೊಳ್ಳಿ ಎಂದು ಹೇಳುತ್ತೇನೆ. ಕ್ರಿಯೆ ನಡೆಸುವುದು ಕಾರ್ಬನ್ನಿಗೆ ಅಂಟಿಕೊಂಡ ಫಾಸ್ಫರಸ್ ಗುಂಪುಗಳು. ಎಳೆಯ ಆಕಾರದಿಂದ ಆಗುವ ಉಪಕಾರವೆಂದರೆ ಆ ಗುಂಪುಗಳ ಬಳಿಗೆ ಆಲ್ಕೋಹಾಲ್ ಆವಿ ಬೇಗ ತಲುಪುವುದು ಮತ್ತು ಕೊಳವೆಯಲ್ಲಿ ತುಂಬಿದ ವೇಗವರ್ಧಕದ ಹಾಸಿನೊಳಗೆ ಅನಿಲದ ಒತ್ತಡ ಹೆಚ್ಚು ಕುಸಿಯದಿರುವುದು. ಗುಂಪುಗಳೇ ಸರಿಯಾಗಿ ಕೂರದಿದ್ದರೆ ಎಷ್ಟೇ ನವುರಾದ ಎಳೆ ಮಾಡಿದರೂ ಅದು ಬರೀ ಇದ್ದಿಲು.

ಕ್ರಿಯೆಯ ಸ್ವರೂಪವನ್ನು ವಿದ್ಯಾರ್ಥಿನಿಯರು ಮನಸ್ಸಿನಲ್ಲಿ ಸ್ಪಷ್ಟವಾಗಿ ಇಟ್ಟುಕೊಳ್ಳಬೇಕು. ಆಮ್ಲೀಯ ಜಾಗದ ಮೇಲೆ ಎಥನಾಲ್ ಎರಡು ದಾರಿ ಹಿಡಿಯುತ್ತದೆ. ಎರಡು ಅಣು ಎಥನಾಲ್ ಕೂಡಿ ಒಂದು ಅಣು ನೀರು ಕಳೆದುಕೊಂಡರೆ ಡೈಎಥಿಲ್ ಈಥರ್. ಒಂದೇ ಅಣು ನೀರು ಕಳೆದುಕೊಂಡರೆ ಎಥಿಲೀನ್. ಮೊದಲನೆಯದು ಶಾಖ ಬಿಡುವ ಕ್ರಿಯೆ, ಎರಡನೆಯದು ಪ್ರತಿ ಮೋಲಿಗೆ ಸುಮಾರು 45 ಕಿಲೋಜೂಲ್ ಶಾಖ ಹೀರುವ ಕ್ರಿಯೆ. ಆದ್ದರಿಂದಲೇ ತಾಪ ಕಡಿಮೆಯಿದ್ದಾಗ ಈಥರ್ ಮೇಲುಗೈ ಸಾಧಿಸುತ್ತದೆ, 300 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಎಥಿಲೀನ್ ಹೆಚ್ಚುತ್ತದೆ. ಅಸಿಟಾಲ್ಡಿಹೈಡ್ ಕಾಣಿಸಿಕೊಂಡರೆ ಅದು ಹೈಡ್ರೋಜನ್ ಕಳೆಯುವ ಬೇರೆ ದಾರಿ. ಮೇಲ್ಮೈಯಲ್ಲಿ ಪ್ರತ್ಯಾಮ್ಲೀಯ ಜಾಗಗಳೋ ಲೋಹದ ಕಲ್ಮಷವೋ ಇವೆ ಎಂಬ ಸೂಚನೆ ಎಂದು ತಿಳಿಯಬೇಕು. ಕೈಗಾರಿಕೆಯಲ್ಲಿ ಈ ಕೆಲಸಕ್ಕೆ ಗ್ಯಾಮಾ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡಿನ ಒಂದು ರೂಪ) ಮತ್ತು ರಂಧ್ರಭರಿತ ಖನಿಜಗಳಾದ ಜಿಯೋಲೈಟ್‌ಗಳಿವೆ. ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಿಂದ ಕಬ್ಬಿನ ಎಥನಾಲ್‌ನಿಂದ ಆರಂಭದಲ್ಲಿ ವರ್ಷಕ್ಕೆ 2 ಲಕ್ಷ ಟನ್ ಸಾಮರ್ಥ್ಯವಿದ್ದ ಘಟಕದಲ್ಲಿ ಎಥಿಲೀನ್ ಮಾಡುತ್ತಾ ಬಂದಿದೆ. ಹಾಗಾಗಿ ತಮ್ಮ ಮಾದರಿಯ ಪಕ್ಕದಲ್ಲಿ ಅಷ್ಟೇ ತೂಕದ ಗ್ಯಾಮಾ ಅಲ್ಯೂಮಿನಾವನ್ನೂ ಅದೇ ಸ್ಥಿತಿಯಲ್ಲಿ ಓಡಿಸಿ ನೋಡಬೇಕು. ಆ ಹೋಲಿಕೆ ಇಲ್ಲದ ಅಂಕಿಗಳಿಗೆ ಬೆಲೆ ಕಡಿಮೆ.

ಇನ್ನು ಫಾಸ್ಫಾರಿಕ್ ಆಮ್ಲದ ಪಾತ್ರ. ಅದು ಕಾಯುವಾಗ ಲಿಗ್ನಿನ್‌ನಿಂದ ನೀರು ಕಳೆಯುತ್ತದೆ, ಸರಪಳಿಗಳ ನಡುವೆ ಫಾಸ್ಫೇಟ್ ಸೇತುವೆ ಕಟ್ಟುತ್ತದೆ ಮತ್ತು ತಾನಿದ್ದ ಜಾಗವನ್ನು ರಂಧ್ರವಾಗಿ ಬಿಟ್ಟು ಹೋಗುತ್ತದೆ. 400ರಿಂದ 500 ಡಿಗ್ರಿಯಲ್ಲಿ ಕಾಯಿಸಿದ ಬಳಿಕ ಬಿಸಿನೀರಿನಲ್ಲಿ ತೊಳೆದರೂ ಸ್ವಲ್ಪ ಫಾಸ್ಫರಸ್ ಹೋಗದೆ ಕಾರ್ಬನ್ನಿನೊಡನೆ ಬಂಧದಲ್ಲಿ ಉಳಿಯುತ್ತದೆ. ಕ್ರಿಯೆಗೆ ಬೇಕಾದದ್ದು ಅದೇ. ತೊಳೆದ ನೀರು ತಟಸ್ಥವಾಗುವವರೆಗೆ ತೊಳೆಯಲೇಬೇಕು, ಇಲ್ಲದಿದ್ದರೆ ಸುಮ್ಮನೆ ಅಂಟಿರುವ ಆಮ್ಲದ ಕೆಲಸವನ್ನು ಕಾರ್ಬನ್ನಿನ ಗುಣವೆಂದು ವರದಿ ಮಾಡುವ ಅಪಾಯವಿದೆ. ತಾಪವನ್ನು ಮಾತ್ರ 700 ಡಿಗ್ರಿಯ ಮೇಲಕ್ಕೆ ಒಯ್ಯಬೇಡಿ. ಅತಿ ಹೆಚ್ಚಿನ ತಾಪದಲ್ಲಿ ಕಾರ್ಬನ್ನೇ ಫಾಸ್ಫೇಟಿನಿಂದ ಆಮ್ಲಜನಕವನ್ನು ಕಿತ್ತುಕೊಂಡು (ಅಪಕರ್ಷಿಸಿ) ಧಾತುರೂಪದ ಫಾಸ್ಫರಸ್ ಆವಿಯನ್ನು ಬಿಡಿಸುತ್ತದೆ. ಅದು ವಿಷ, ತಂಪಾದ ಕೊಳವೆಯ ತುದಿಯಲ್ಲಿ ಕೂತು ಗಾಳಿ ತಗುಲಿದರೆ ಹೊತ್ತಿಕೊಳ್ಳುತ್ತದೆ.

ಕಚ್ಚಾ ವಸ್ತುವಿನ ಆಯ್ಕೆಯಲ್ಲಿ ನನ್ನ ಮತ ಹತ್ತಿಕಟ್ಟಿಗೆಗೆ. ಮೂರರಲ್ಲೂ ಲಿಗ್ನಿನ್ ಹೆಚ್ಚುಕಡಿಮೆ ಐದರಲ್ಲೊಂದು ಭಾಗ ಇರುತ್ತದೆ, ಆದರೆ ಬೂದಿಯಲ್ಲಿ ಅಜಗಜಾಂತರವಿದೆ. ನೆಲ್ಲಿನ ಹೊಟ್ಟಿನ ತೂಕದಲ್ಲಿ ಶೇಕಡಾ 15ರಿಂದ 20ರಷ್ಟು ಬೂದಿ, ಅದರ ಬಹುಪಾಲು ಸಿಲಿಕಾ. ಕ್ಷಾರದಲ್ಲಿ ಬೇಯಿಸಿದಾಗ ಸಿಲಿಕಾ ಕೂಡ ಲಿಗ್ನಿನ್ ಜೊತೆಯಲ್ಲೇ ಕರಗುತ್ತದೆ. ಆ ಕಪ್ಪು ದ್ರವಕ್ಕೆ ಆಮ್ಲ ಹಾಕಿದರೆ ಎರಡೂ ಕೂಡಿಯೇ ಕೆಳಗೆ ಕೂರುತ್ತವೆ. ಪಿಎಚ್ ಅನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸಿ ಮೊದಲು ಸಿಲಿಕಾವನ್ನು ಸೋಸಿ ತೆಗೆಯಬಹುದಾದರೂ ಅದು ಇನ್ನೊಂದು ಯೋಜನೆಯಷ್ಟು ಕೆಲಸ. ಹತ್ತಿಕಟ್ಟಿಗೆಯ ಬೂದಿ ಅದಕ್ಕಿಂತ ಬಹಳ ಕಡಿಮೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಇದೆ. ಆ ಪೊಟ್ಯಾಸಿಯಂ ಎರಡು ಬಗೆಯಲ್ಲಿ ಕೆಡುಕು ಮಾಡುತ್ತದೆ: ಆಮ್ಲೀಯ ಗುಂಪುಗಳನ್ನು ತಟಸ್ಥಗೊಳಿಸುತ್ತದೆ, ಜೊತೆಗೆ ಬಿಸಿ ಕಾರ್ಬನ್ ಗಾಳಿಯಲ್ಲಿ ಸುಡುವುದನ್ನು ಚುರುಕುಗೊಳಿಸುತ್ತದೆ. ಕಟ್ಟಿಗೆಯ ತೊಗಟೆ ಸುಲಿದು, ಪುಡಿಮಾಡಿ, ನೀರಿನಲ್ಲಿಯೂ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿಯೂ ತೊಳೆದರೆ ಬಹುಪಾಲು ಹೋಗುತ್ತದೆ. ಎರೆಮಣ್ಣು ಅಂಟಿದ ಬೇರಿನ ಭಾಗವನ್ನು ಕತ್ತರಿಸಿ ಬಿಡಿ.

ಲಿಗ್ನಿನ್ ತೆಗೆಯಲು ಸಮಪ್ರಮಾಣದ ಎಥನಾಲ್ ಮತ್ತು ನೀರಿನಲ್ಲಿ 180ರಿಂದ 200 ಡಿಗ್ರಿಗೆ ಬೇಯಿಸುವ ಆರ್ಗನೋಸಾಲ್ವ್ ವಿಧಾನ ಅತ್ಯುತ್ತಮ. ಗಂಧಕವಿಲ್ಲದ, ಬೂದಿ ಕಡಿಮೆಯಿರುವ, ಎಥನಾಲ್‌ನಲ್ಲಿ ಕರಗುವ ಲಿಗ್ನಿನ್ ಅದರಿಂದ ಸಿಗುತ್ತದೆ. ಆದರೆ 200 ಡಿಗ್ರಿಯ ಬಳಿ ಒಳಗಿನ ಒತ್ತಡ ವಾತಾವರಣದ ಇಪ್ಪತ್ತು ಪಟ್ಟನ್ನು ಮೀರುತ್ತದೆ. ಸುರಕ್ಷಾ ಕವಾಟವಿಲ್ಲದ ಟೆಫ್ಲಾನ್ ಒಳಪದರದ ಆಟೋಕ್ಲೇವ್‌ನಲ್ಲಿ ಎಥನಾಲ್ ತುಂಬಿ ಅದನ್ನು ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಒತ್ತಡ ಮಾಪಕ ಮತ್ತು ಸಿಡಿತಟ್ಟೆ (ಒತ್ತಡ ಮಿತಿ ಮೀರಿದರೆ ತಾನೇ ಒಡೆದು ಅನಿಲ ಬಿಡುವ ತಗಡು) ಇರುವ ರಿಯಾಕ್ಟರ್ ಸಿಗದಿದ್ದರೆ ತೆಳು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಸೋಸಿ, ಆಮ್ಲದಿಂದ ಲಿಗ್ನಿನ್ ಇಳಿಸಿ, ಚೆನ್ನಾಗಿ ತೊಳೆದು ಒಣಗಿಸಿ, ಆ ಪುಡಿಯಲ್ಲಿ ಎಥನಾಲ್‌ಗೆ ಕರಗುವ ಭಾಗವನ್ನಷ್ಟೇ ಆಯ್ದುಕೊಳ್ಳುವುದು ಒಳ್ಳೆಯದು. ಇಳುವರಿ ಕಡಿಮೆಯಾಗುತ್ತದೆ, ಪ್ರಾಣಕ್ಕೆ ಅಪಾಯವಿರುವುದಿಲ್ಲ.

ಎಳೆ ತೆಗೆಯುವಾಗಿನ ಕಷ್ಟಗಳೂ ತಿಳಿದಿರಲಿ. ಲಿಗ್ನಿನ್ ಅಣುಗಳು ಚಿಕ್ಕವು, ಕವಲೊಡೆದವು. ದ್ರಾವಣ ತೆಳುವಾಗಿದ್ದರೆ ಎಳೆಯ ಬದಲು ಮಣಿಗಳು ಸಿಡಿಯುತ್ತವೆ. ದ್ರಾವಣವನ್ನು ಗಟ್ಟಿಗೊಳಿಸಬೇಕು, ಇಲ್ಲವೇ ಉದ್ದ ಸರಪಳಿಯ ಪಾಲಿಎಥಿಲೀನ್ ಆಕ್ಸೈಡನ್ನು ಅತಿ ಸ್ವಲ್ಪ ಬೆರೆಸಬೇಕು. ಆಗ ಎಥನಾಲ್ ಒಂದೇ ಸಾಕಾಗದೆ, ಆ ಪಾಲಿಮರ್ ಕರಗುವಂತೆ ದ್ರಾವಕವನ್ನು ಹೊಂದಿಸಿಕೊಳ್ಳಬೇಕಾದೀತು. ಸೂಜಿಯ ತುದಿಯಲ್ಲಿ ಎಥನಾಲ್ ಬೇಗ ಆರಿ ರಂಧ್ರ ಕಟ್ಟಿಕೊಳ್ಳುವುದು ಇನ್ನೊಂದು ತೊಡಕು, ಅದು ರಾಯಚೂರಿನ ಒಣ ಬೇಸಿಗೆಯಲ್ಲಿ ಇನ್ನೂ ಹೆಚ್ಚು. 2007ರಲ್ಲಿ ಪ್ರಕಟವಾದ ಮಾಲಗಾದ ಕೆಲಸದಲ್ಲಿ ಒಂದರೊಳಗೊಂದು ಕೂರುವ ಎರಡು ಸೂಜಿಗಳನ್ನು ಬಳಸಿ, ಹೊರಗಿನದರಿಂದ ಬರೀ ಎಥನಾಲ್ ಹರಿಸಿ ಈ ತೊಡಕನ್ನು ನಿವಾರಿಸಿದ್ದರು. ಮುಂದೆ ಸ್ಥಿರೀಕರಣ: ಲಿಗ್ನಿನ್ ಕಾದಾಗ ಮೆತ್ತಗಾಗುವ ವಸ್ತುವಾದ್ದರಿಂದ ಅವಸರದಿಂದ ಕಾಯಿಸಿದರೆ ಎಳೆಗಳೆಲ್ಲ ಕರಗಿ ಒಂದೇ ಹಪ್ಪಳವಾಗುತ್ತವೆ. ಗಾಳಿಯಲ್ಲಿ 200ರಿಂದ 250 ಡಿಗ್ರಿಯವರೆಗೆ ಅತಿ ನಿಧಾನವಾಗಿ ಏರಿಸಬೇಕು. ಫಾಸ್ಫಾರಿಕ್ ಆಮ್ಲ ಸೇರಿಸಿದ್ದರೆ ಈ ಅವಧಿ ಗಣನೀಯವಾಗಿ ಕಡಿಮೆಯಾಗುತ್ತದೆ. ವೇಗವರ್ಧಕಕ್ಕೆ ಬೇಕಾದ ಫಾಸ್ಫರಸ್ಸೇ ಎಳೆಯನ್ನೂ ಕಾಪಾಡುವುದು ಈ ವಿಧಾನದಲ್ಲಿ ನನಗೆ ಬಹಳ ಇಷ್ಟವಾದ ಅಂಶ.

ಈಗ ಮೊದಲಿನ ಮಾತಿಗೆ ಬರುತ್ತೇನೆ. ಅದೇ ಹತ್ತಿಕಟ್ಟಿಗೆಯ ಪುಡಿಯನ್ನು ಲಿಗ್ನಿನ್ ಬೇರ್ಪಡಿಸದೆ ನೇರವಾಗಿ ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, 500 ಡಿಗ್ರಿಯಲ್ಲಿ ನೈಟ್ರೋಜನ್ ಹರಿವಿನಲ್ಲಿ ಕಾರ್ಬನ್ ಮಾಡಿ, ತೊಳೆದು, ಜರಡಿ ಹಿಡಿದು ದಪ್ಪ, ನಡುತರ, ಸಣ್ಣ ಎಂದು ಮೂರು ಗಾತ್ರ ಮಾಡಿಕೊಳ್ಳಿ. ಒಂದೇ ತೂಕ, ಒಂದೇ ತಾಪ, ಒಂದೇ ಹರಿವಿನಲ್ಲಿ ಮೂರನ್ನೂ ಓಡಿಸಿ. ಮೂರರಲ್ಲೂ ಪರಿವರ್ತನೆ (ಒಳಹೋದ ಎಥನಾಲಿನಲ್ಲಿ ಬೇರೆ ವಸ್ತುವಾದ ಪಾಲು) ಒಂದೇ ಇದ್ದರೆ ಆವಿಗೆ ಕಣದ ಒಳಗಿನ ಹಾದಿ ಅಡ್ಡಿಯಾಗಿಲ್ಲವೆಂದು ಅರ್ಥ. ಆ ತಾಪದಲ್ಲಿ ವೇಗದ ದೃಷ್ಟಿಯಿಂದ ಎಳೆಯಿಂದ ಲಾಭವಿಲ್ಲ. ಸಣ್ಣ ಕಣ ಹೆಚ್ಚು ಕೆಲಸ ಮಾಡಿದರೆ ಎಳೆಗೆ ಹೋಗಲು ನ್ಯಾಯವಾದ ಕಾರಣ ಸಿಕ್ಕಿತು. ಪರಿವರ್ತನೆಯನ್ನು ಶೇಕಡಾ 15ರ ಒಳಗೆ ಇಟ್ಟುಕೊಂಡು ಈ ಪರೀಕ್ಷೆ ಮಾಡಬೇಕು, ಏಕೆಂದರೆ ಎಲ್ಲ ಎಥನಾಲೂ ಮುಗಿದುಹೋಗುವ ಸ್ಥಿತಿಯಲ್ಲಿ ಒಳ್ಳೆಯ ಮಾದರಿಗೂ ಸಾಧಾರಣ ಮಾದರಿಗೂ ವ್ಯತ್ಯಾಸ ಕಾಣುವುದಿಲ್ಲ.

ಉತ್ತರ: ಭತ್ತದ ಕಣಜ, ಕಾರಟಗಿ

ನಮ್ಮದು ಅಕ್ಕಿ ಗಿರಣಿ. ಮೇಲಿನ ಸರ್ ರಾಸಾಯನಿಕ ಕಾರಣ ಕೊಟ್ಟು ಹೊಟ್ಟನ್ನು ಬದಿಗಿಟ್ಟಿದ್ದಾರೆ. ನಾನು ವ್ಯವಹಾರದ ಕಾರಣ ಸೇರಿಸುತ್ತೇನೆ. ನೆಲ್ಲಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹೊಟ್ಟು ಬರುತ್ತದೆ. ಅದನ್ನು ಕಸವೆಂದು ಯಾರೂ ಬಿಸಾಡುತ್ತಿಲ್ಲ. ಕುಸುಬಲಕ್ಕಿ ಮಾಡುವ ಗಿರಣಿಗಳಲ್ಲಿ ನೆಲ್ಲು ಬೇಯಿಸುವ ಬಾಯ್ಲರಿಗೂ ಒಣಗಿಸುವ ಯಂತ್ರಕ್ಕೂ ಅದೇ ಉರುವಲು, ಮಿಕ್ಕಿದ್ದು ಇಟ್ಟಿಗೆ ಭಟ್ಟಿಗಳಿಗೂ ಬೇರೆ ಕಾರ್ಖಾನೆಗಳ ಬಾಯ್ಲರುಗಳಿಗೂ ಮಾರಾಟವಾಗುತ್ತದೆ. ಬೆಲೆ ಇರುವ ವಸ್ತುವನ್ನು ಕಸವೆಂದು ಎಣಿಸಿ ಖರ್ಚಿನ ಲೆಕ್ಕ ಬರೆದರೆ ಆ ಲೆಕ್ಕ ನಿಲ್ಲುವುದಿಲ್ಲ.

ನಮ್ಮಲ್ಲಿ ನಿಜವಾಗಿ ಕಸವಾಗಿ ಬೀಳುವುದು ಹೊಟ್ಟು ಸುಟ್ಟ ಬೂದಿ. ಲಾರಿಗಟ್ಟಲೆ ಬೂದಿಯನ್ನು ಎಲ್ಲಿ ಹಾಕಬೇಕೆಂಬುದೇ ಗಿರಣಿಗಳಿಗೆ ಚಿಂತೆ, ಗಾಳಿಗೆ ಹಾರಿ ಸುತ್ತಲಿನ ಮನೆಗಳಿಗೂ ತೊಂದರೆ. ಅದರಲ್ಲಿ ಕಾರ್ಬನ್ ಅಲ್ಪ, ಸಿಲಿಕಾ ಬಹಳ. ತಮ್ಮ ವಿದ್ಯಾರ್ಥಿನಿಯರು ಮುಂದೆ ಯಾವಾಗಲಾದರೂ ಅಲ್ಯೂಮಿನಾ ಸೇರಿದ ಸಿಲಿಕಾ ವೇಗವರ್ಧಕದ ಕಡೆ ಹೊರಳಿದರೆ ಈ ಬೂದಿಯನ್ನು ಮರೆಯದಿರಲಿ. ಚೀಲ ತುಂಬಿ ಕಳಿಸಿಕೊಡಲು ಇಲ್ಲಿನ ಗಿರಣಿಯವರು ಯಾರೂ ಹಿಂಜರಿಯುವುದಿಲ್ಲ.

ಉತ್ತರ: ಎರೆಹೊಲ, ಮಾನ್ವಿ

ಅಕ್ಕಾವರೇ, ಹತ್ತಿಕಟ್ಟಿಗೆಯ ವಿಷಯದಲ್ಲಿ ಒಕ್ಕಲಿಗನಾಗಿ ನನ್ನ ಅನುಭವ ಹೇಳುತ್ತೇನೆ. ಕೊನೆಯ ಬಿಡಿಸಾಟ ಆದ ಮೇಲೆ ಕಟ್ಟಿಗೆಯನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳಬಾರದು, ನಿಲ್ಲಿಸಿದರೆ ಗುಲಾಬಿ ಕಾಯಿಕೊರಕದ ಹುಳು ಉಳಿದ ಕಾಯಿಗಳಲ್ಲಿ ಸೇರಿಕೊಂಡು ಮುಂದಿನ ಬೆಳೆಗೆ ಬರುತ್ತದೆ ಎಂದು ಕೃಷಿ ವಿಜ್ಞಾನಿಗಳು ಪ್ರತಿವರ್ಷ ಹೇಳುತ್ತಾರೆ. ಅದು ಸರಿಯಾದ ಮಾತು. ಹಿಂದೆ ಒಲೆಗೆ ಬೇಕಾಗುತ್ತಿತ್ತು, ಬಣವೆಯ ಪಕ್ಕದಲ್ಲಿ ಒಟ್ಟಿ ವರ್ಷವಿಡೀ ಸುಡುತ್ತಿದ್ದೆವು. ಗ್ಯಾಸ್ ಬಂದ ಮೇಲೆ ಆ ಬಳಕೆ ಇಳಿಯಿತು. ಕೀಳಿಸಲು ಕೂಲಿ, ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆ, ಎರಡನ್ನೂ ಹಾಕಿ ಯಾರ ಮನೆಗೂ ಒಯ್ಯುವುದು ಕಟ್ಟುವುದಿಲ್ಲವೆಂದೇ ಬೆಂಕಿ ಹಚ್ಚುತ್ತೇವೆ.

ಕಟ್ಟಿಗೆ ಹಗುರ, ಆದರೆ ಟ್ರಾಲಿಯಲ್ಲಿ ಜಾಗ ಬಹಳ ತಿನ್ನುತ್ತದೆ. ಹೊಲದಲ್ಲೇ ಚೂರು ಮಾಡುವ ಯಂತ್ರವಿದ್ದರೆ ಮಾತ್ರ ಸಾಗಣೆ ಕೈಗೆಟುಕುತ್ತದೆ. ತಮ್ಮ ಪ್ರಯೋಗಕ್ಕೆ ಒಂದು ಹೊರೆ ಸಾಕಾಗಬಹುದು, ಆದರೆ ಮುಂದೆ ಇದು ದೊಡ್ಡದಾಗುವುದಾದರೆ ಒಕ್ಕಲಿಗನಿಗೆ ಕೀಳುವ ಕೂಲಿಯಾದರೂ ಹುಟ್ಟುವಂತೆ ಲೆಕ್ಕ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಇನ್ನೊಂದು ಸಂಗತಿ, ಹತ್ತಿಗೆ ಕೊನೆಯವರೆಗೂ ಔಷಧಿ ಹೊಡೆದಿರುತ್ತೇವೆ. ಕಟ್ಟಿಗೆ ಪುಡಿ ಮಾಡುವಾಗ ಹೆಣ್ಣುಮಕ್ಕಳು ಮೂಗು ಬಾಯಿ ಮುಚ್ಚಿಕೊಳ್ಳಲಿ, ಕೈಗೆ ಗವಸು ಹಾಕಿಕೊಳ್ಳಲಿ.

ಪ್ರಶ್ನಿಸಿದವರ ಪ್ರತಿಕ್ರಿಯೆ: ಎಡೆದೊರೆ, ರಾಯಚೂರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಹೊಟ್ಟನ್ನು ಬಿಟ್ಟು ಹತ್ತಿಕಟ್ಟಿಗೆಯನ್ನೇ ಹಿಡಿಯುತ್ತೇವೆ, ಮೊದಲು ಕಣಗಳ ಪರೀಕ್ಷೆ, ಆ ಬಳಿಕ ಎಳೆ ಎಂಬ ಕ್ರಮವನ್ನೂ ಒಪ್ಪಿಕೊಂಡಿದ್ದೇವೆ. ಮಾನ್ವಿಯ ಅಣ್ಣನವರ ಎಚ್ಚರಿಕೆಯನ್ನು ವಿದ್ಯಾರ್ಥಿನಿಯರಿಗೆ ಇಂದೇ ಓದಿ ಹೇಳಿದೆ. ಎರಡು ಸಂದೇಹಗಳು ಉಳಿದಿವೆ. ಆಮ್ಲೀಯ ವೇಗವರ್ಧಕಗಳ ಮೇಲೆ ಕ್ರಮೇಣ ಕಾರ್ಬನ್ನಿನ ಮಸಿ ಕೂತು ಅವು ಮಂದವಾಗುತ್ತವೆ. ಅಲ್ಯೂಮಿನಾವನ್ನು ಗಾಳಿಯಲ್ಲಿ ಸುಟ್ಟು ಶುದ್ಧಿ ಮಾಡಬಹುದು, ಆದರೆ ಕಾರ್ಬನ್ನನ್ನೇ ಸುಡುವಂತಿಲ್ಲವಲ್ಲ? ಎರಡನೆಯದಾಗಿ, ಕ್ರಿಯಾ ಕೊಳವೆಯನ್ನು ಕಾಲೇಜಿನ ಮಟ್ಟದಲ್ಲಿ ಸುರಕ್ಷಿತವಾಗಿ ಹೇಗೆ ಜೋಡಿಸಬೇಕು?

ಉತ್ತರ: ಉಕ್ಕಿನ ನೆರಳು, ಬಳ್ಳಾರಿ

ಮೇಡಂ, ನಾನು ಕೆಮಿಕಲ್ ಇಂಜಿನಿಯರ್, ತೋರಣಗಲ್ಲಿನ ಕಡೆ ಅನಿಲ ನಿರ್ವಹಣೆಯ ಕೆಲಸದಲ್ಲಿದ್ದೇನೆ. ತಮ್ಮ ಮೊದಲ ಸಂದೇಹ ಇಡೀ ವಿಷಯದ ತಿರುಳು. ಫಾಸ್ಫರಸ್ ಹೊತ್ತ ಕಾರ್ಬನ್‌ಗಳ ವಿಶೇಷವೇ ಅವು ಸಾಧಾರಣ ಇದ್ದಿಲಿಗಿಂತ ಸುಡುವಿಕೆಯನ್ನು ಹೆಚ್ಚು ತಡೆದುಕೊಳ್ಳುವುದು. ಹರಿವಿನಲ್ಲಿ ಸ್ವಲ್ಪ ಆಮ್ಲಜನಕ ಬೆರೆಸಿದಾಗ ಅದು ಕಾರ್ಬನ್ ಫಾಸ್ಫರಸ್ ಬಂಧಗಳನ್ನು ಮತ್ತೆ ಫಾಸ್ಫೇಟ್ ರೂಪಕ್ಕೆ ತಂದು ಆಮ್ಲೀಯತೆಯನ್ನು ಉಳಿಸುತ್ತದೆ, ಮಸಿ ಕಟ್ಟುವುದನ್ನೂ ತಡೆಯುತ್ತದೆ. ಮೆಥನಾಲ್‌ನಿಂದ ಡೈಮೀಥೈಲ್ ಈಥರ್ ಮಾಡುವಾಗ ಮಾಲಗಾದವರು ಇದನ್ನು ತೋರಿಸಿದ್ದಾರೆ. ಪೊಟ್ಯಾಸಿಯಂ ತೊಳೆದು ತೆಗೆಯಬೇಕೆಂದು ಸಿಂಧನೂರಿನ ಸರ್ ಹೇಳಿದ್ದು ಇಲ್ಲಿ ಇನ್ನಷ್ಟು ಮುಖ್ಯವಾಗುತ್ತದೆ, ಏಕೆಂದರೆ ಪೊಟ್ಯಾಸಿಯಂ ಉಳಿದ ಮಾದರಿಗೆ ಆಮ್ಲಜನಕ ಕೊಟ್ಟರೆ ವೇಗವರ್ಧಕವೇ ಸುಟ್ಟು ತೂಕ ಇಳಿಯುತ್ತದೆ. ಪ್ರತಿ ಓಟದ ಹಿಂದೆ ಮುಂದೆ ಮಾದರಿಯನ್ನು ತೂಗಿ, ಹೊರಬರುವ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟೆಂದು ಅಳೆಯಿರಿ.

ಆದರೆ ಆಮ್ಲಜನಕ ಮತ್ತು ಎಥನಾಲ್ ಆವಿಯನ್ನು ಒಂದೇ ಬಿಸಿ ಕೊಳವೆಯಲ್ಲಿ ಕೂಡಿಸುವುದು ಹುಡುಗಾಟದ ಕೆಲಸವಲ್ಲ. ಗಾಳಿಯಲ್ಲಿ ಎಥನಾಲ್ ಆವಿ ಗಾತ್ರದಲ್ಲಿ ಶೇಕಡಾ 3.3ರಿಂದ 19ರ ನಡುವೆ ಇದ್ದರೆ ಕಿಡಿ ತಗುಲಿದಾಗ ಸ್ಫೋಟಿಸುತ್ತದೆ, ಬಿಸಿಯಾದಷ್ಟೂ ಈ ವ್ಯಾಪ್ತಿ ಹಿಗ್ಗುತ್ತದೆ. ಇದಕ್ಕೆ ಸರಳವಾದ ಉಪಾಯವಿದೆ. ನೈಟ್ರೋಜನ್ ಅನ್ನು ಐಸ್ ನೀರಿನಲ್ಲಿಟ್ಟ ಎಥನಾಲ್ ಬಾಟಲಿಯ ಮೂಲಕ ಗುಳ್ಳೆಯಾಗಿ ಹಾಯಿಸಿದರೆ, ಸೊನ್ನೆ ಡಿಗ್ರಿಯಲ್ಲಿ ಎಥನಾಲ್‌ನ ಆವಿ ಒತ್ತಡ ಪಾದರಸದ 12 ಮಿಲಿಮೀಟರಿನಷ್ಟೇ ಇರುವುದರಿಂದ, ಹರಿವಿನಲ್ಲಿ ಸುಮಾರು ಶೇಕಡಾ 1.6ರಷ್ಟೇ ಎಥನಾಲ್ ಸೇರುತ್ತದೆ. ಅದು ಕೆಳಮಿತಿಗಿಂತ ಕಡಿಮೆ. ಆದರೆ ನಮ್ಮ ಊರುಗಳ ಏಪ್ರಿಲ್ ಮೇ ತಿಂಗಳನ್ನು ನೆನಪಿಟ್ಟುಕೊಳ್ಳಬೇಕು: ಐಸ್ ಕರಗಿ ಬಾಟಲಿ 40 ಡಿಗ್ರಿಗೆ ಬಂದರೆ ಅದೇ ಹರಿವಿನಲ್ಲಿ ಎಥನಾಲ್ ಶೇಕಡಾ 18ರ ಆಸುಪಾಸಿಗೆ ಏರುತ್ತದೆ. ಆದ್ದರಿಂದ ಬಾಟಲಿಯೊಳಗೆ ತಾಪಮಾಪಕ ಇರಲೇಬೇಕು, ಐಸ್ ನೋಡಿಕೊಳ್ಳುವವರು ಒಬ್ಬರು ಅಲ್ಲಿಯೇ ಇರಬೇಕು. ಆಮ್ಲಜನಕವನ್ನು ಪ್ರತ್ಯೇಕ ದಾರಿಯಲ್ಲಿ, ಒಟ್ಟು ಹರಿವಿನ ಶೇಕಡಾ 5ರೊಳಗೆ ಬೆರೆಸಿ. ಮೊದಲ ಹಂತದ ಎಲ್ಲ ಪರೀಕ್ಷೆಗಳನ್ನೂ ಆಮ್ಲಜನಕವಿಲ್ಲದೆ ಮಾಡಿ ಮುಗಿಸಿ. ಎರಡನೆಯ ಹಂತಕ್ಕೆ ಅನುಭವಿ ಪ್ರಯೋಗಾಲಯದ ಜೊತೆ ಸೇರುವುದು ಉಚಿತ.

ಕೊಳವೆ ಕ್ವಾರ್ಟ್ಜ್‌ನದ್ದಾಗಿರಲಿ. ಸ್ಟೀಲ್ ಕೊಳವೆಯ ಗೋಡೆ ಬಿಸಿಯಾದಾಗ ತಾನೇ ಎಥನಾಲ್ ಅನ್ನು ಒಡೆಯಬಲ್ಲದು. ತಾಪವನ್ನು ಕುಲುಮೆಯ ಗೋಡೆಯ ಬಳಿ ಅಳೆಯದೆ ಮಾದರಿಯ ಪದರಕ್ಕೆ ತಾಗಿಸಿದ, ತಾಪ ಅಳೆಯುವ ತಂತಿಯಾದ ಥರ್ಮೋಕಪಲ್‌ನಿಂದ ಅಳೆಯಿರಿ. ಮಾದರಿ ಇಲ್ಲದ ಖಾಲಿ ಕೊಳವೆಯ ಓಟವನ್ನು ಪ್ರತಿ ತಾಪದಲ್ಲೂ ಮಾಡಿ ಬರೆದಿಡಿ. ಹೊರಗಿನ ದಾರಿಯಲ್ಲಿ ಡೈಎಥಿಲ್ ಈಥರ್ ಬಗ್ಗೆ ವಿಶೇಷ ಎಚ್ಚರ ಬೇಕು. ಅದರ ಕುದಿಬಿಂದು 34.6 ಡಿಗ್ರಿ, ಅಂದರೆ ನಮ್ಮ ಬೇಸಿಗೆಯ ಕೋಣೆಯಲ್ಲಿ ಅದು ದ್ರವವಾಗಿ ನಿಲ್ಲುವುದೇ ಇಲ್ಲ. 160ರಿಂದ 180 ಡಿಗ್ರಿಯ ಬಿಸಿ ತಗಡು ಮುಟ್ಟಿದರೂ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತದೆ. ಹೊರಬಂದ ಅನಿಲವನ್ನು ಐಸ್ ಬಲೆಯ (ಆವಿ ದ್ರವವಾಗಿ ನಿಲ್ಲಲು ಐಸ್‌ನಲ್ಲಿಟ್ಟ ಬಾಟಲಿ) ಮೂಲಕ ಹಾಯಿಸಿ, ಮಿಕ್ಕದ್ದನ್ನು ಫ್ಯೂಮ್ ಹುಡ್ ಮೂಲಕ ಹೊರಗೆ ಬಿಡಿ. ಸಂಗ್ರಹವಾದ ಈಥರನ್ನು ಬಾಟಲಿಯಲ್ಲಿ ದಿನಗಟ್ಟಲೆ ಇಡಬೇಡಿ, ಗಾಳಿ ಬೆಳಕಿನಲ್ಲಿ ಅದು ಸ್ಫೋಟಿಸಬಲ್ಲ ಪೆರಾಕ್ಸೈಡ್ ಆಗುತ್ತದೆ.

ಲೆಕ್ಕದ ವಿಷಯದಲ್ಲಿ ಕಾರ್ಬನ್ ಜಮಾಖರ್ಚು ಕಡ್ಡಾಯ. ಒಂದು ಗ್ರಾಂ ಎಥನಾಲ್ ಪೂರ್ತಿಯಾಗಿ ಎಥಿಲೀನ್ ಆದರೆ 0.61 ಗ್ರಾಂ ಎಥಿಲೀನ್, 0.39 ಗ್ರಾಂ ನೀರು ಬರಬೇಕು, ಆ ಎಥಿಲೀನ್ ಕೋಣೆಯ ತಾಪದಲ್ಲಿ ಸುಮಾರು ಅರ್ಧ ಲೀಟರ್ ಜಾಗ ಹಿಡಿಯುತ್ತದೆ. ಒಳಗೆ ಹೋದ ಕಾರ್ಬನ್ನಿನಲ್ಲಿ ಶೇಕಡಾ 95ಕ್ಕಿಂತ ಕಡಿಮೆ ಹೊರಗೆ ಸಿಕ್ಕರೆ ಸೋರಿಕೆಯೋ ಮಸಿಯೋ ಅಥವಾ ಗುರುತಿಸದ ವಸ್ತುವೋ ಇದೆ ಎಂದೇ ತಿಳಿದು ಹುಡುಕಿ. ಇನ್ನೊಂದು ಸಲಹೆ: ಶುದ್ಧ ಎಥನಾಲ್‌ಗೆ ಅಬಕಾರಿ ಪರವಾನಗಿ ಬೇಕಾಗಿ ತಡವಾಗಬಹುದು. ಅಷ್ಟರವರೆಗೆ ಐಸೊಪ್ರೊಪನಾಲ್‌ನಿಂದ ಮಾದರಿಗಳನ್ನು ಪರೀಕ್ಷಿಸಿ. ಅದು ಆಮ್ಲೀಯ ಜಾಗದ ಮೇಲೆ ಪ್ರೊಪಿಲೀನ್ ಕೊಡುತ್ತದೆ, ಪ್ರತ್ಯಾಮ್ಲೀಯ ಜಾಗದ ಮೇಲೆ ಅಸಿಟೋನ್ ಕೊಡುತ್ತದೆ, ಎಥನಾಲ್‌ಗಿಂತ ಕಡಿಮೆ ತಾಪದಲ್ಲಿ ಕ್ರಿಯೆ ನಡೆಯುತ್ತದೆ. ಪೊಟ್ಯಾಸಿಯಂ ತೊಳೆದ ಮತ್ತು ತೊಳೆಯದ ಮಾದರಿಗಳ ವ್ಯತ್ಯಾಸವನ್ನು ಈ ಒಂದು ಪರೀಕ್ಷೆಯೇ ಎತ್ತಿ ತೋರಿಸುತ್ತದೆ.

ಉತ್ತರ: ನಾಲೆದಂಡೆ, ಸಿಂಧನೂರು ಮೂಲ, ಈಗ ಪುಣೆ

ಬಳ್ಳಾರಿಯ ಸರ್ ಹೇಳಿದ ಐಸೊಪ್ರೊಪನಾಲ್ ಪರೀಕ್ಷೆಯನ್ನು ನಾನೂ ಅನುಮೋದಿಸುತ್ತೇನೆ. ಅದರ ಜೊತೆಗೆ ಮೂರು ಅಳತೆಗಳನ್ನು ಹೊರಗೆ ಮಾಡಿಸಿಕೊಳ್ಳಬೇಕಾದೀತು: ನೈಟ್ರೋಜನ್ ಹೀರುವಿಕೆಯಿಂದ ಮೇಲ್ಮೈ ವಿಸ್ತೀರ್ಣ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಳೆಯ ಚಿತ್ರ, ಎಕ್ಸ್‌ಪಿಎಸ್‌ನಿಂದ (ಎಕ್ಸ್-ಕಿರಣ ಹಾಯಿಸಿ ಮೇಲ್ಮೈಯ ಧಾತುಗಳನ್ನು ಗುರುತಿಸುವ ವಿಧಾನ) ಮೇಲ್ಮೈ ಫಾಸ್ಫರಸ್‌ನ ಸ್ಥಿತಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನವರಿಗೂ ಉಪಕರಣ ಸೌಲಭ್ಯ ಕೊಡುವ ಕೇಂದ್ರವಿದೆ, ಅಲ್ಲಿ ಯಾವ ಅಳತೆ ಸಾಧ್ಯವೆಂದು ಮೊದಲೇ ಪತ್ರ ಬರೆದು ಕೇಳಿ. ಹತ್ತಿಕಟ್ಟಿಗೆಯ ಬಳಕೆಯ ಬಗ್ಗೆ ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯವರು ಪಾರ್ಟಿಕಲ್ ಬೋರ್ಡ್ ಮಾಡುವ ಕೆಲಸದಲ್ಲಿ ಬಹಳ ವರ್ಷಗಳ ಅನುಭವ ಗಳಿಸಿದ್ದಾರೆ. ಮಾನ್ವಿಯವರು ಹೇಳಿದ ಚೂರು ಮಾಡುವ ಮತ್ತು ಸಾಗಿಸುವ ಸಮಸ್ಯೆಗೆ ಉತ್ತರ ಸಿಗುವುದಾದರೆ ಅವರಲ್ಲಿ.

ಆಮ್ಲೀಯ ಗುಂಪುಗಳ ಒಟ್ಟು ಪ್ರಮಾಣವನ್ನಂತೂ ತಮ್ಮ ಕಾಲೇಜಿನಲ್ಲೇ ಅಳೆಯಬಹುದು. ತೂಗಿದ ಕಾರ್ಬನ್ನನ್ನು ಗೊತ್ತಿರುವ ಪ್ರಬಲತೆಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದು ದಿನ ಅಲುಗಾಡಿಸಿ, ಸೋಸಿ, ಉಳಿದ ಕ್ಷಾರವನ್ನು ಆಮ್ಲದಿಂದ ಟೈಟ್ರೇಟ್ ಮಾಡಿದರೆ ಸಾಕು. ಬ್ಯೂರೆಟ್ ಹಿಡಿದು ಮಾಡುವ ಈ ಅಳತೆಯನ್ನೂ ಐಸೊಪ್ರೊಪನಾಲ್ ಪರಿವರ್ತನೆಯನ್ನೂ ಒಂದೇ ನಕ್ಷೆಯಲ್ಲಿ ಇಟ್ಟು ನೋಡಿದಾಗ ಎರಡೂ ಜೊತೆಯಾಗಿ ಏರದಿದ್ದರೆ, ಅಳತೆಗೆ ಸಿಕ್ಕ ಗುಂಪುಗಳೆಲ್ಲ ಫಾಸ್ಫರಸ್‌ನವಲ್ಲ, ಅವುಗಳಲ್ಲಿ ಕಾರ್ಬಾಕ್ಸಿಲಿಕ್ ಗುಂಪುಗಳೂ ಇವೆ ಎಂದು ಸಂಶಯಿಸಬೇಕು. ಆಗ ಮಾದರಿಯನ್ನು ನೈಟ್ರೋಜನ್‌ನಲ್ಲಿ 500 ಡಿಗ್ರಿಗೆ ಮತ್ತೊಮ್ಮೆ ಕಾಯಿಸಿ. ಕಾರ್ಬಾಕ್ಸಿಲಿಕ್ ಗುಂಪುಗಳು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತವೆ, ಫಾಸ್ಫರಸ್ ಗುಂಪುಗಳು ಉಳಿಯುತ್ತವೆ. ಆ ಬಳಿಕ ಅದೇ ಟೈಟ್ರೇಷನ್ ಮಾಡಿದಾಗ ಬರುವ ಅಂಕಿಯನ್ನು ವರದಿಯಲ್ಲಿ ಮುಖ್ಯ ಅಂಕಿಯಾಗಿ ಕೊಡಿ.